ಪ್ರವಾಸಕಥನದಲ್ಲಿ ‘ನಾವು’: ದಂಪತಿಗಳ ಪಯಣವನ್ನು ಕುರಿತು ಒಂದು ವಿವೇಚನೆ

೧

ಕನ್ನಡದ ಪ್ರವಾಸಸಾಹಿತ್ಯವನ್ನು ಕುರಿತು ನಮ್ಮಲ್ಲಿ ನಡೆದಿರುವ ವಿಮರ್ಶೆ ಬಹುಮಟ್ಟಿಗೆ ಲೇಖಕರು ನೋಡಿಬಂದ ನಾಡನ್ನು ಕುರಿತದ್ದು. ಕಂಡದ್ದು ಎಷ್ಟು, ಕಾಣದೆ ಬಿಟ್ಟದ್ದು ಎಷ್ಟು, ಪರದೇಶವನ್ನು ಸ್ವದೇಶದೊಡನೆ ಹೋಲಿಸಿದ ಬಗೆ ನ್ಯಾಯವಾದುದೇ, ಶೈಲಿ ಲಲಿತವಾಗಿದೆಯೇ ಎಂಬಿವು ವಾಡಿಕೆಯ ಪ್ರಶ್ನೆಗಳು. ಇವೆಲ್ಲ ಕೇಳತಕ್ಕವೇ ಸರಿ. ಆದರೆ ಇವುಗಳಿಗೂ ಮೊದಲು ಕೇಳಬೇಕಾದ ಒಂದು ಸಣ್ಣ ಪ್ರಶ್ನೆ ಉಂಟು: ನೋಡಿದವರು ಯಾರು? ಒಬ್ಬರೇ ಹೋಗಿ ಒಬ್ಬರೇ ಬರೆದ ಗ್ರಂಥದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಇಬ್ಬರು ಹೋಗಿ ಒಬ್ಬರು ಬರೆದಾಗ ಏಳುತ್ತದೆ. ಆ ಇಬ್ಬರು ಗಂಡಹೆಂಡಿರಾಗಿದ್ದಾಗ ಅದು ಇನ್ನಷ್ಟು ತೊಡಕಾಗುತ್ತದೆ. ಪ್ರಸ್ತುತ ಲೇಖನದ ವಿಷಯ ಇದು.

ದಂಪತಿಗಳು ಯುರೋಪಿನಲ್ಲಿ ತಾವೇ ಕಾರು ನಡೆಸಿಕೊಂಡು, ನಡುವೆ ಅಡ್ಡಬಂದ ಸಮುದ್ರವನ್ನು ಕಾರಿನ ಸಮೇತ ಫೆರಿ ಹಡಗಿನಲ್ಲಿ ದಾಟಿ, ಊರಿಂದೂರಿಗೆ ಹೋಗುವ ಬಗೆಯ ಪ್ರವಾಸ ಈಗ ಕನ್ನಡಿಗರಿಗೂ ಅಪರಿಚಿತವಲ್ಲ. ಅಂಥ ಪ್ರವಾಸದ ಗದ್ಯವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಈ ಅಳತೆಗೋಲು ನಮಗೆ ಯುರೋಪಿನಿಂದಲೇ ಬರಬೇಕಾಗಿಲ್ಲವೆಂಬುದೂ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ದಾರಿ, ಹೊಳೆಗಳಲ್ಲಿ ಅದು ಬಹುಕಾಲದಿಂದ ಇದೆಯೆಂಬುದೂ ನಮ್ಮ ವಾದ.

ಮೊದಲು ವ್ಯಾಕರಣದ ಮಾತು. ಕನ್ನಡದ ‘ನಾವು’ ಬಹು ಉದಾರವಾದ ಸರ್ವನಾಮ. ನಾನು ಮತ್ತು ನನ್ನ ಹೆಂಡತಿ ಎಂಬುದಕ್ಕೂ ‘ನಾವು’. ನಾನು ಮತ್ತು ಕೇಳುತ್ತಿರುವ ನೀವು ಎಂಬುದಕ್ಕೂ ‘ನಾವು’. ಕನ್ನಡಿಗರೆಲ್ಲರೂ ಎಂಬುದಕ್ಕೂ ‘ನಾವು’. ಲೇಖಕನೊಬ್ಬನೇ ಗಾಂಭೀರ್ಯಕ್ಕಾಗಿ ತನ್ನನ್ನು ಕರೆದುಕೊಳ್ಳುವುದಕ್ಕೂ ‘ನಾವು’. ನೆರೆಯ ತೆಲುಗಿನಲ್ಲಿ ಹೀಗಿಲ್ಲ. ಕೇಳುವವನನ್ನು ಒಳಗೊಂಡರೆ ‘ಮನಮು’, ಹೊರಗಿಟ್ಟರೆ ‘ಮೇಮು’ ಎಂದು ಆಡುವವನು ಪ್ರತಿಸಲವೂ ಆರಿಸಿಕೊಳ್ಳಬೇಕು. ಬಳ್ಳಾರಿ ಸೀಮೆಯಲ್ಲಿ ಎರಡೂ ಭಾಷೆಗಳನ್ನು ಬಲ್ಲವರಿಗೆ ಈ ಭೇದ ಹೇಳಿಕೊಡಬೇಕಾದುದಿಲ್ಲ. ಕನ್ನಡದ ಲೇಖಕನಿಗೆ ಅಂಥ ನಿರ್ಬಂಧವಿಲ್ಲದ ಕಾರಣ, ತನ್ನ ‘ನಾವು’ ಯಾರು ಯಾರು ಎಂಬುದನ್ನು ಅವನು ಹೇಳದೆಯೂ ಗ್ರಂಥವನ್ನು ಮುಗಿಸಬಹುದು.

ಅಷ್ಟೇ ಅಲ್ಲ. ಕನ್ನಡದಲ್ಲಿ ಕ್ರಿಯಾಪದವೇ ಪುರುಷವಚನಗಳನ್ನು ಹೊತ್ತಿರುವುದರಿಂದ ಸರ್ವನಾಮವನ್ನೂ ಬಿಡಬಹುದು. ‘ಹೊರಟೆವು, ದಾಟಿದೆವು, ಉಂಡೆವು, ಮಲಗಿದೆವು’ ಎಂದರೆ ಸಾಕು. ಜೊತೆಗೆ ಬಂದ ಹೆಂಡತಿ ಆಗ ಕ್ರಿಯಾಪದದ ಬಾಲದಲ್ಲಿ ಒಂದು ಪ್ರತ್ಯಯವಾಗಿ ಉಳಿಯುತ್ತಾಳೆ. ಮುಂದಿನ ವಾಕ್ಯದಲ್ಲಿ ಒಂದು ದೇವಾಲಯವೋ ಚಿತ್ರಶಾಲೆಯೋ ಎದುರಾದೊಡನೆ ಆ ಪ್ರತ್ಯಯವೂ ಹೋಗಿ ‘ನನಗೆ ಅನ್ನಿಸಿತು’, ‘ನನ್ನ ಮನಸ್ಸಿಗೆ ಹೊಳೆಯಿತು’ ಎಂಬ ಚತುರ್ಥಿಯ ಏಕವಚನ ಬರುತ್ತದೆ. ನಡೆಯುವಾಗ ಬಹುವಚನ, ಯೋಚಿಸುವಾಗ ಏಕವಚನ. ಕಾಲು ನಾಲ್ಕು, ಮನಸ್ಸು ಒಂದು. ದಂಪತಿಗಳ ಪ್ರವಾಸಗದ್ಯವನ್ನು ಓದುವ ವಿದ್ಯಾರ್ಥಿ ಒಂದು ಪುಟವನ್ನು ತೆಗೆದುಕೊಂಡು ಕ್ರಿಯಾಪದಗಳನ್ನು ಈ ರೀತಿ ಎರಡು ಸಾಲಾಗಿ ಬರೆದು ನೋಡಲಿ. ಗ್ರಂಥದ ದಾಂಪತ್ಯ ಎಂಥದೆಂಬುದು ಮುನ್ನುಡಿಯಲ್ಲಿ ಬರುವ ಕೃತಜ್ಞತೆಗಿಂತ ಹೆಚ್ಚು ಸ್ಪಷ್ಟವಾಗಿ ಅಲ್ಲಿ ಕಾಣುತ್ತದೆ.

೨

ನಮ್ಮ ಪ್ರವಾಸಕಥನಗಳು ಏಕವಚನದಲ್ಲಿ ಆರಂಭವಾದದ್ದಕ್ಕೆ ಕಾರಣಗಳಿವೆ. ವಿ. ಕೃ. ಗೋಕಾಕರು ೧೯೩೦ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಹೋದದ್ದು ವಿದ್ಯಾರ್ಥಿಯಾಗಿ. ಆ ಪಯಣದಿಂದ ‘ಸಮುದ್ರದಾಚೆಯಿಂದ’ ಎಂಬ ಗದ್ಯವೂ ‘ಸಮುದ್ರಗೀತೆಗಳು’ ಎಂಬ ಕವಿತೆಗಳೂ ಕನ್ನಡಕ್ಕೆ ದೊರೆತವು. ದಿನಗಟ್ಟಲೆ ಹಡಗಿನಲ್ಲಿ ಒಬ್ಬಂಟಿಯಾಗಿದ್ದವನಿಗೆ ಸಮುದ್ರವೇ ಸಂಗಾತಿಯಾಗುವುದು ಸ್ವಾಭಾವಿಕ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ ಮತ್ತೊಂದು ಬಗೆಯ ಏಕವಚನ. ಅಲ್ಲಿರುವುದು ಕಲೆ, ಸಮಾಜಗಳನ್ನು ತನ್ನ ಕಣ್ಣಿನಿಂದಲೇ ಪರೀಕ್ಷಿಸಿ ತೀರ್ಮಾನಿಸುವ ಸ್ವತಂತ್ರ ಬುದ್ಧಿ.

ಶೀರ್ಷಿಕೆಗಳನ್ನು ನೋಡಿದರೂ ಈ ಮಾತು ಸ್ಪಷ್ಟವಾಗುತ್ತದೆ. ದಿನಕರ ದೇಸಾಯಿಯವರದು ‘ನಾ ಕಂಡ ಪಡುವಣ’, ಬಿ. ಜಿ. ಎಲ್. ಸ್ವಾಮಿಯವರದು ‘ಅಮೆರಿಕದಲ್ಲಿ ನಾನು’, ಕೃಷ್ಣಾನಂದ ಕಾಮತರದು ‘ನಾನೂ ಅಮೆರಿಕೆಗೆ ಹೋಗಿದ್ದೆ’, ಎ. ಎನ್. ಮೂರ್ತಿರಾಯರದು ‘ಅಪರವಯಸ್ಕನ ಅಮೆರಿಕಾ ಯಾತ್ರೆ’. ಈ ಗ್ರಂಥಗಳ ಗುಣ ಬೇರೆ ಬೇರೆ, ಇವುಗಳ ‘ನಾನು’ ಕೂಡ ಬೇರೆ ಬೇರೆ. ಕಾಮತರ ‘ನಾನೂ’ ಎಂಬುದರ ದೀರ್ಘದಲ್ಲಿ ತನ್ನನ್ನೇ ನಗುವ ವಿನಯವಿದೆ. ಹಾಗಿದ್ದರೂ ಮುಖಪುಟದ ಬಾಗಿಲಲ್ಲಿ ನಿಂತಿರುವವನು ಒಬ್ಬನೇ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಈ ಮಾತಿಗೆ ಒಂದು ಸ್ವಾರಸ್ಯವಾದ ಅಪವಾದ. ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಗ್ರಂಥದ ಹೆಸರಿನಲ್ಲಿ ಲೇಖಕರೂ ಇದ್ದಾರೆ, ಹೇಮಾವತಿಯ ದಡದ ಅವರ ಹಳ್ಳಿಯೂ ಇದೆ. ವ್ಯಕ್ತಿಯ ಜೊತೆಗೆ ಇಡೀ ಊರೇ ಸಮುದ್ರ ದಾಟಿ ಹೋದಂತಾಗಿದೆ. ಸಂಸಾರದ ವಿನೋದಕ್ಕೆ ಅವರ ಗದ್ಯದಲ್ಲಿ ಯಾವಾಗಲೂ ಎಡೆಯುಂಟು. ಆದರೆ ಆ ಶೀರ್ಷಿಕೆಯಲ್ಲಿಯೂ ಲೇಖಕನಿಗೆ, ಊರಿಗೆ ಸ್ಥಳವಿದೆಯೇ ಹೊರತು ಸಹಪ್ರಯಾಣಿಕೆಗೆ ಇಲ್ಲ. ನೇಮಿಚಂದ್ರರ ‘ಒಂದು ಕನಸಿನ ಪಯಣ’ದಂಥ ಗ್ರಂಥಗಳು ಬಂದ ಮೇಲೆ ಸ್ತ್ರೀಯೇ ಹೊರಟು ಸ್ತ್ರೀಯೇ ಬರೆದ ಯುರೋಪು ಕನ್ನಡಕ್ಕೆ ಬಂದಿತು. ಅದು ದೊಡ್ಡ ಲಾಭ. ಆದರೆ ದಂಪತಿಗಳ ‘ನಾವು’ ಎಂಬ ಸಮಸ್ಯೆ ಅದರಿಂದ ಬಗೆಹರಿಯಲಿಲ್ಲ. ಪಕ್ಕಕ್ಕೆ ಸರಿಯಿತು, ಅಷ್ಟೆ.

ವಾಹನಕ್ಕೂ ಗದ್ಯಕ್ಕೂ ನಿಕಟ ಸಂಬಂಧವಿದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಹಡಗು ಧ್ಯಾನಕ್ಕೆ ಅನುಕೂಲ. ವಿಮಾನದಲ್ಲಿ ದಾರಿಯೆಂಬುದೇ ಇಲ್ಲ. ಹೊರಟ ಊರು, ಇಳಿದ ಊರು ಎರಡೇ. ತಂಡದ ಬಸ್ಸಿನಲ್ಲಿ ದಾರಿಯನ್ನು ಆರಿಸುವವನು ಮಾರ್ಗದರ್ಶಿ. ಪ್ರವಾಸಿಗೆ ಉಳಿದದ್ದು ಕಿಟಕಿ. ತಾವೇ ನಡೆಸುವ ಕಾರಿನಲ್ಲಾದರೋ ಪ್ರತಿ ಕವಲುದಾರಿಯೂ ಒಂದು ತೀರ್ಮಾನ, ಆ ತೀರ್ಮಾನ ಇಬ್ಬರದು. ಒಂದು ಸಣ್ಣ ವಿವರವನ್ನು ನೋಡೋಣ. ನಮ್ಮಲ್ಲಿಯಂತೆ ಬ್ರಿಟನ್ನಿನಲ್ಲಿಯೂ ವಾಹನಗಳು ರಸ್ತೆಯ ಎಡಕ್ಕೆ ಚಲಿಸುತ್ತವೆ, ಚಾಲಕನ ಚಕ್ರ ಬಲಗಡೆಗಿರುತ್ತದೆ. ಅಂಥ ಕಾರನ್ನು ಡೋವರಿನಲ್ಲಿ ಹಡಗಿಗೆ ಏರಿಸಿ ಫ್ರಾನ್ಸಿನ ಕಲೆ ಬಂದರಿನಲ್ಲಿ ಇಳಿಸಿದೊಡನೆ ರಸ್ತೆಯ ಬಲಕ್ಕೆ ಹೋಗಬೇಕು. ಆಗ ಚಾಲಕ ರಸ್ತೆಯ ಅಂಚಿಗೂ ಪಕ್ಕದಲ್ಲಿ ಕುಳಿತವರು ರಸ್ತೆಯ ನಡುವಿಗೂ ಬರುತ್ತಾರೆ. ಮುಂದಿರುವ ಲಾರಿಯನ್ನು ಹಿಂದೆ ಹಾಕಬೇಕಾದರೆ ಎದುರಿನಿಂದ ಬರುವ ಗಾಡಿ ಚಾಲಕನಿಗಿಂತ ಮೊದಲು ಕಾಣುವುದು ಪಕ್ಕದವರಿಗೆ. ಅವರು ‘ಹೋಗಬಹುದು’ ಎನ್ನದೆ ಚಾಲಕ ಮುಂದೆ ಹೋಗುವಂತಿಲ್ಲ. ಅಂಥ ದಾರಿಯನ್ನು ಸಾವಿರಾರು ಮೈಲಿ ಇಬ್ಬರೂ ಕೂಡಿ ಸವೆಸಿದ ಮೇಲೆ, ಬರೆಯುವಾಗ ‘ನಾನು ಕಂಡೆ’ ಎಂದರೆ ಅದು ಕಲೆಯ ದೃಷ್ಟಿಯಿಂದ ಮಾತ್ರವಲ್ಲ, ವಾಸ್ತವದ ದೃಷ್ಟಿಯಿಂದಲೂ ಸುಳ್ಳು.

ಫೆರಿಯ ಮಹತ್ವ ಮತ್ತೊಂದು ಬಗೆಯದು. ಕಾರುಗಳು ಸಾಲಾಗಿ ಹಡಗಿನ ಹೊಟ್ಟೆಯೊಳಕ್ಕೆ ಹೋಗಿ ನಿಂತ ಮೇಲೆ ಎಂಜಿನ್ನನ್ನು ನಿಲ್ಲಿಸಿ ಎಲ್ಲರೂ ಮೇಲಿನ ಅಂತಸ್ತಿಗೆ ಹೋಗಬೇಕು. ಪಯಣದ ಕಾಲದಲ್ಲಿ ಕಾರಿನ ಬಳಿ ಇರಗೊಡುವುದಿಲ್ಲ. ಡೋವರ್‌ಗೂ ಕಲೆಗೂ ನಡುವಣ ಸುಮಾರು ೩೩ ಕಿಲೋಮೀಟರಿನ ಜಲಸಂಧಿಯನ್ನು ದಾಟುವ ಒಂದೂವರೆ ಗಂಟೆಯ ಕಾಲ ಚಾಲಕನೂ ಇಲ್ಲ, ದಾರಿ ಹೇಳುವವರೂ ಇಲ್ಲ. ಇಬ್ಬರೂ ಸಮಾನವಾಗಿ ಪ್ರಯಾಣಿಕರು. ಕಾರಿನಲ್ಲಿ ಇಬ್ಬರೂ ಮುಂದಕ್ಕೆ ನೋಡುತ್ತಾರೆ. ಹಡಗಿನಲ್ಲಿ ಪರಸ್ಪರ ನೋಡಿಕೊಳ್ಳಬಹುದು. ಒಳ್ಳೆಯ ಪ್ರವಾಸಗದ್ಯ ಈ ಬಿಡುವನ್ನು ಬಳಸಿಕೊಳ್ಳುತ್ತದೆ; ಸಾಧಾರಣ ಗದ್ಯ ಟಿಕೀಟಿನ ಬೆಲೆಯನ್ನು ಹೇಳಿ ಮುಂದಿನ ಬಂದರಿಗೆ ನೆಗೆಯುತ್ತದೆ. ಇಂಥ ಬಿಡುವುಗಳು ಲೋಕದಲ್ಲಿ ಕಡಮೆಯಾಗುತ್ತಿವೆ ಎಂಬುದೂ ನಿಜ. ೧೯೯೪ರಲ್ಲಿ ಆ ಜಲಸಂಧಿಯ ಕೆಳಗೆ ಸುರಂಗ ತೆರೆಯಿತು. ೨೦೦೦ದಲ್ಲಿ ಡೆನ್ಮಾರ್ಕಿಗೂ ಸ್ವೀಡನ್ನಿಗೂ ನಡುವೆ ಸೇತುವೆಯಾಯಿತು. ನಮ್ಮಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿ ಅಂಬಾರಗೋಡ್ಲು, ಕಳಸವಳ್ಳಿಗಳ ನಡುವೆ ಸಿಗಂದೂರಿನ ಯಾತ್ರಿಕರನ್ನೂ ಅವರ ಬಸ್ಸು ಕಾರುಗಳನ್ನೂ ದಾಟಿಸುತ್ತಿದ್ದ ಲಾಂಚಿನ ಜಾಗದಲ್ಲಿ ೨೦೨೫ರ ಜುಲೈಯಲ್ಲಿ ಸೇತುವೆ ತೆರೆಯಿತು. ದ್ವೀಪದಂತಿದ್ದ ಊರುಗಳ ಜನಕ್ಕೆ ಸೇತುವೆ ಪರಮ ಉಪಕಾರ. ಆಸ್ಪತ್ರೆಗೆ ಹೋಗಬೇಕಾದವನ ಮುಂದೆ ಲಾಂಚಿನ ಸೊಬಗನ್ನು ಹೊಗಳುವುದು ರಸಿಕತೆಯಲ್ಲ. ಆದರೆ ದಾಟುವ ಕಾಲದ ಅನುಭವವನ್ನು ಬರೆದಿಡುವ ಹೊಣೆ ಪ್ರವಾಸಲೇಖಕನಿಗೆ ಉಳಿದೇ ಇದೆ.

೩

ಸಹಪ್ರಯಾಣಿಕರು ಅಳಿಸಿಹೋಗುವ ಈ ಕ್ರಮ ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ಸೀಮೆಗೇ ಸಂಬಂಧಿಸಿದ ಒಂದು ಹಳೆಯ ನಿದರ್ಶನವನ್ನು ಮೊದಲು ನೋಡಬಹುದು. ವೆನಿಸ್ಸಿನ ವರ್ತಕ ನಿಕೊಲೊ ಕೊಂತಿ ಸುಮಾರು ೧೪೨೦ರಲ್ಲಿ ವಿಜಯನಗರವನ್ನು ಕಂಡವನು. ಪೂರ್ವದೇಶಗಳಲ್ಲಿ ಬಹುವರ್ಷ ಅಲೆದು ಅವನು ಸಂಸಾರ ಸಮೇತ ಹಿಂದಿರುಗುತ್ತಿದ್ದಾಗ ಈಜಿಪ್ಟಿನಲ್ಲಿ ಹೆಂಡತಿಯೂ ಇಬ್ಬರು ಮಕ್ಕಳೂ ಪ್ಲೇಗಿಗೆ ತುತ್ತಾದರು. ದಾರಿಯಲ್ಲಿ ಮತಾಂತರ ಹೊಂದಿದ್ದ ಅವನಿಗೆ ಪೋಪರು ಪ್ರಾಯಶ್ಚಿತ್ತವಾಗಿ ವಿಧಿಸಿದ್ದು ತನ್ನ ಪ್ರವಾಸವನ್ನೆಲ್ಲ ಕಾರ್ಯದರ್ಶಿಯಾದ ಪೊಜ್ಜೊ ಬ್ರಾಚ್ಚೊಲಿನಿಗೆ ಹೇಳಿ ಬರೆಸಬೇಕೆಂದು. ಆ ಬರವಣಿಗೆಯಿಂದ ವಿಜಯನಗರದ ಸುತ್ತಳತೆ ನಮಗೆ ತಿಳಿಯುತ್ತದೆ. ಆ ಹೆಂಡತಿ ಏನನ್ನು ಕಂಡಳೆಂಬುದು ತಿಳಿಯುವುದಿಲ್ಲ. ಆಕೆ ಕಥನದಲ್ಲಿ ಬದುಕಿದ್ದಕ್ಕಿಂತ ಸತ್ತದ್ದೇ ಹೆಚ್ಚು ನಿಶ್ಚಿತವಾಗಿದೆ.

ಇದನ್ನು ಪುರುಷರ ದೋಷವೆಂದು ಮಾತ್ರ ತೀರ್ಮಾನಿಸುವುದು ಸುಲಭ, ಆದರೆ ಸಾಲದು. ಈಡಿತ್ ವಾರ್ಟನ್ ಎಂಬ ಅಮೆರಿಕದ ಲೇಖಕಿ ೧೯೦೬ ಮತ್ತು ೧೯೦೭ರಲ್ಲಿ ಗಂಡನೊಡನೆ ಮೋಟಾರಿನಲ್ಲಿ ಫ್ರಾನ್ಸನ್ನು ಸುತ್ತಿ ೧೯೦೮ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದಳು. ರೈಲಿನ ವೇಳಾಪಟ್ಟಿಯಿಂದ ಪ್ರಯಾಣಿಕನನ್ನು ಬಿಡಿಸಿ, ಊರಿನ ಹಿತ್ತಿಲಿನಿಂದಲ್ಲದೆ ಹೆಬ್ಬಾಗಿಲಿನಿಂದ ಒಳಕ್ಕೆ ಕರೆದೊಯ್ಯುವ ವಾಹನ ಮೋಟಾರು ಎಂಬುದನ್ನು ಅಷ್ಟು ಚೆನ್ನಾಗಿ ಕಂಡವರು ವಿರಳ. ಆದರೆ ಅಲ್ಲಿ ಗಂಡನಿಗೆ ಹೆಚ್ಚು ಎಡೆಯಿಲ್ಲ. ಇದರಿಂದ ಒಂದು ಸಾಮಾನ್ಯ ಸೂತ್ರವನ್ನು ಹೇಳಬಹುದು: ಲೇಖನಿ ಯಾರ ಕೈಯಲ್ಲಿಲ್ಲವೋ ಅವರು ಮಾಯವಾಗುತ್ತಾರೆ. ನಮ್ಮ ಸಮಾಜದಲ್ಲಿ ಲೇಖನಿ ಬಹುಕಾಲ ಗಂಡಸಿನ ಕೈಯಲ್ಲಿದ್ದುದರಿಂದ ಮಾಯವಾದವರು ಹೆಂಗಸರು.

ಇದಕ್ಕೆ ಮದ್ದು ಇಲ್ಲವೇ? ಅರ್ಜೆಂಟೀನದ ಹೂಲಿಯೋ ಕೊರ್ತಾಸರ್ ಎಂಬ ಕಾದಂಬರಿಕಾರ, ಅವನ ಹೆಂಡತಿ ಕ್ಯಾರಲ್ ಡನ್ಲಪ್ ಎಂಬ ಲೇಖಕಿ ಇವರು ೧೯೮೨ರ ಬೇಸಗೆಯಲ್ಲಿ ಕೈಗೊಂಡ ಪ್ರಯಾಣ ಈ ಪ್ರಶ್ನೆಗೆ ದೊರೆತಿರುವ ಉತ್ತರಗಳಲ್ಲಿ ಅತ್ಯಂತ ವಿಚಿತ್ರವಾದದ್ದು. ಪ್ಯಾರಿಸಿನಿಂದ ಮಾರ್ಸೆ ನಗರಕ್ಕೆ ಹೋಗುವ ಹೆದ್ದಾರಿ ಕಾರಿಗೆ ಒಂದು ದಿನದ ದಾರಿ. ಇವರು ಆ ಹೆದ್ದಾರಿಯನ್ನು ಬಿಟ್ಟು ಹೊರಕ್ಕೆ ಹೋಗದೆ, ದಿನಕ್ಕೆ ಎರಡೇ ತಂಗುದಾಣಗಳಂತೆ ಪ್ರತಿಯೊಂದರಲ್ಲೂ ನಿಂತು, ತಮ್ಮ ಹಳೆಯ ವ್ಯಾನಿನಲ್ಲಿ ಅಡಿಗೆ ನಿದ್ರೆಗಳನ್ನು ನಡೆಸುತ್ತ, ಮೂವತ್ತಕ್ಕೂ ಹೆಚ್ಚು ದಿನ ತೆಗೆದುಕೊಂಡರು. ನೋಡತಕ್ಕ ಸ್ಥಳಗಳೆಂಬುವು ಆ ದಾರಿಯಲ್ಲಿ ಇರಲಿಲ್ಲ. ಇದ್ದವು ಮರ, ಮೇಜು, ಲಾರಿ, ಒಬ್ಬರಿಗೆ ಒಬ್ಬರು. ಇಬ್ಬರೂ ಬರೆದರು. ಅದೇ ವರ್ಷದ ನವೆಂಬರಿನಲ್ಲಿ ಡನ್ಲಪ್ ತೀರಿಕೊಂಡಳು. ಉಳಿದವನು ಗ್ರಂಥವನ್ನು ಮುಗಿಸಿದನು. ೧೯೮೩ರಲ್ಲಿ ಅದು ಇಬ್ಬರ ಹೆಸರಿನಲ್ಲಿಯೂ ಸ್ಪ್ಯಾನಿಷ್ ಭಾಷೆಯಲ್ಲಿ ಪ್ರಕಟವಾಯಿತು. ೧೯೮೪ರ ಫೆಬ್ರವರಿಯಲ್ಲಿ ಅವನೂ ತೀರಿಕೊಂಡನು. ವಿನೋದದ ಆಟವಾಗಿ ಆರಂಭವಾದ ಗ್ರಂಥ ಶೋಕಗೀತದ ಸಮೀಪಕ್ಕೆ ಬಂದು ನಿಲ್ಲುತ್ತದೆ. ಇಲ್ಲಿಯ ‘ನಾವು’ ಪ್ರತ್ಯಯವಲ್ಲ. ಅದರಲ್ಲಿ ನಿಜವಾಗಿ ಇಬ್ಬರಿದ್ದಾರೆ. ಒಬ್ಬರು ಇಲ್ಲವಾದಾಗ ಸರ್ವನಾಮದಲ್ಲಿಯೇ ಗಾಯವಾದುದು ಓದುಗನಿಗೆ ತಿಳಿಯುತ್ತದೆ. ಕಳೆದುಹೋದಾಗ ನೋಯದ ‘ನಾವು’ ಮೊದಲಿನಿಂದಲೂ ಏಕವಚನವೇ ಆಗಿದ್ದಿರಬೇಕು.

೪

ಈಗ ನಮ್ಮ ಐದು ತಾಲ್ಲೂಕುಗಳಿಗೆ ಬರೋಣ. ೨೦೨೧ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಈ ಸೀಮೆಯನ್ನು ಪ್ರವಾಸಸಾಹಿತ್ಯ ಅಷ್ಟಾಗಿ ಕಂಡಿಲ್ಲ. ಹಂಪಿಯವರೆಗೆ ಬಂದವರು ಹಂಪಿಯಿಂದಲೇ ಹಿಂದಿರುಗುವುದು ವಾಡಿಕೆ. ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ಅಂಬಳಿಯ ಕಲ್ಲೇಶ್ವರ ದೇವಾಲಯಗಳನ್ನು ಶಿಲ್ಪದ ವಿದ್ವಾಂಸರು ಬಲ್ಲರು. ಪ್ರವಾಸಿಗಳು ಬಲ್ಲದ್ದು ಕಡಮೆ. ಆದರೆ ಪ್ರಯಾಣದ ಅನುಭವಕ್ಕೆ ಇಲ್ಲಿ ಕೊರತೆಯೆಂದೂ ಇರಲಿಲ್ಲ. ೧೯೫೩ಕ್ಕೆ ಮುಂಚೆ ಈ ಸೀಮೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಪಡುವಲಲ್ಲಿ ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತ, ತೆಂಕಲಿಗೆ ಹೋದರೆ ಮೈಸೂರು ಸಂಸ್ಥಾನ, ಬಡಗಲಲ್ಲಿ ಹೊಳೆಯಾಚೆ ನಿಜಾಮರ ಸೀಮೆ. ಹಡಗಲಿಯ ಕಡೆಯವನು ಹರಿಗೋಲು ಹತ್ತಿ ಆಚೆಯ ದಡದಲ್ಲಿ ಇಳಿದರೆ ಸರ್ಕಾರವೇ ಬದಲಾಗುತ್ತಿತ್ತು. ಬದಲಾಗದೆ ಇದ್ದದ್ದು ನುಡಿ, ನೆಂಟಸ್ತಿಕೆ. ಡೋವರಿನ ಹಡಗಿನಲ್ಲಿ ಎರಡು ದೇಶಗಳ ನಡುವೆ ತೇಲುವ ದಂಪತಿಗಳ ಸ್ಥಿತಿ, ಹೊಳೆಯಾಚೆಗೆ ಮಗಳನ್ನು ಕೊಟ್ಟ ನಮ್ಮ ಹಳ್ಳಿಯ ತಂದೆತಾಯಿಗಳಿಗೆ ಹೊಸದಲ್ಲ.

ವಾಹನವನ್ನು ದೋಣಿಯಲ್ಲಿ ದಾಟಿಸುವುದೂ ಇಲ್ಲಿ ಹೊಸದಲ್ಲ. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಒಳಗೆ ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿದ, ಬುಟ್ಟಿಯಂತೆ ದುಂಡಾದ ಹರಿಗೋಲುಗಳನ್ನು ವರ್ಣಿಸುತ್ತಾನೆ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ದಾಟುತ್ತಿದ್ದರು. ಅಗತ್ಯವಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದಾಗಿತ್ತು, ಆದರೂ ಅವು ಹೆಚ್ಚಾಗಿ ಈಜಿಯೇ ಹೋಗುತ್ತಿದ್ದವು ಎನ್ನುತ್ತಾನೆ. ಎತ್ತನ್ನು ಹರಿಗೋಲಿಗೆ ಹತ್ತಿಸಿದ ಸೀಮೆಗೆ ಕಾರನ್ನು ಹಡಗಿಗೆ ಹತ್ತಿಸುವುದು ಕೇವಲ ಪ್ರಮಾಣದ ವ್ಯತ್ಯಾಸ.

ಇನ್ನು ಜಾತ್ರೆಗಳು. ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಮೈಲಾರಕ್ಕೂ, ಮಾಘದಲ್ಲಿ ಕೊಟ್ಟೂರಿನ ಗುರುಬಸವೇಶ್ವರನ ರಥಕ್ಕೂ ಹೊರಟ ಬಂಡಿಗಳಲ್ಲಿ ಈ ಸೀಮೆಯ ದಂಪತಿಗಳು ತಲೆಮಾರುಗಳಿಂದ ಪ್ರಯಾಣ ಮಾಡಿದ್ದಾರೆ. ಬಂಡಿ ಹೂಡುವವನು ಗಂಡ. ಬುತ್ತಿ ಕಟ್ಟುವವಳು ಹೆಂಡತಿ. ರೊಟ್ಟಿ ಬಡಿದು, ಚಟ್ನಿಪುಡಿ ಕುಟ್ಟಿ, ಎಷ್ಟು ದಿನಕ್ಕೆ ಎಷ್ಟೆಂದು ಲೆಕ್ಕ ಹಾಕಿ ಕಟ್ಟಿದ ಆ ಬುತ್ತಿಯಿಲ್ಲದೆ ಬಂಡಿ ಊರಬಾಗಿಲನ್ನು ದಾಟುವುದಿಲ್ಲ. ಯುರೋಪಿನ ದಾರಿಯಲ್ಲಿಯೂ ನಮ್ಮ ದಂಪತಿಗಳ ಪಯಣ ಅಕ್ಕಿ, ಉಪ್ಪಿನಕಾಯಿಗಳ ಡಬ್ಬಿಯನ್ನು ಆಶ್ರಯಿಸಿಯೇ ನಡೆಯುತ್ತದೆ. ಆದರೆ ಗ್ರಂಥದಲ್ಲಿ ಆ ಡಬ್ಬಿ ಹಾಸ್ಯದ ವಸ್ತುವಾಗುತ್ತದೆ, ಭೂಪಟ ಜ್ಞಾನದ ವಸ್ತುವಾಗುತ್ತದೆ. ಬುತ್ತಿಯೂ ಭೂಪಟದಷ್ಟೇ ಪ್ರಯಾಣದ ಜ್ಞಾನವೆಂಬುದನ್ನು ಜಾತ್ರೆಗೆ ಹೋಗುವ ಜನ ಬಲ್ಲರು.

ಮೈಲಾರದ ಕಾರಣಿಕದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವುದು ಒಂದೇ ಸಾಲು. ಅದನ್ನು ಕೇಳಿದವರು ಊರಿಗೆ ಬಂದು ಅರ್ಥ ಹೇಳುವುದು ಹಲವು ಬಗೆ. ಮಳೆಯೆಂದು ಒಬ್ಬರು, ರಾಜಕೀಯವೆಂದು ಮತ್ತೊಬ್ಬರು. ಒಂದನ್ನೇ ಕಂಡವರು, ಒಂದನ್ನೇ ಕೇಳಿದವರು ಬೇರೆಬೇರೆಯಾಗಿ ಹೇಳುವುದರಲ್ಲಿ ಜಾತ್ರೆಯ ಅನುಭವ ಪೂರ್ಣವಾಗುತ್ತದೆ. ಒಬ್ಬನೇ ಹೇಳಿ ಉಳಿದವರು ತಲೆದೂಗಿದರೆ ಅದು ಕಾರಣಿಕವಲ್ಲ, ಸರ್ಕಾರದ ಪ್ರಕಟಣೆ.

ಹೆಸರಿನ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಪ್ರವಾಸಗ್ರಂಥಗಳಲ್ಲಿ ಹೆಂಡತಿಗೆ ಬರುವ ಹೆಸರು ‘ಶ್ರೀಮತಿ’, ‘ನಮ್ಮಾಕೆ’, ಇಲ್ಲವೆ ‘ನಮ್ಮ ಮನೆಯವರು’. ಮನೆ ಬಿಟ್ಟು ಸಾವಿರಾರು ಮೈಲಿ ಬಂದು ಆಲ್ಪ್ಸ್ ಪರ್ವತದ ಕಣಿವೆಯಲ್ಲಿ ನಿಂತಿರುವಾಗಲೂ ಆಕೆ ‘ಮನೆಯವರು’! ನಮ್ಮ ಸೀಮೆಯ ಹೆಂಗಸರೂ ಗಂಡನ ಹೆಸರನ್ನು ಹೇಳುತ್ತಿರಲಿಲ್ಲ. ಆದರೆ ಮದುವೆ ಮುಂಜಿಗಳಲ್ಲಿ ಒತ್ತಾಯ ಮಾಡಿದಾಗ ಒಡಪು ಕಟ್ಟಿ, ಪ್ರಾಸದ ಮರೆಯಲ್ಲಿ, ಎಲ್ಲರೆದುರಿಗೆ ಹೇಳುತ್ತಿದ್ದರು. ಸಂಕೋಚವನ್ನು ಅವರು ಕಲೆಯಾಗಿ ಮಾರ್ಪಡಿಸಿದರು. ಓದುಬರಹ ಬಲ್ಲ ಗಂಡಸು ಮುನ್ನೂರು ಪುಟಗಳಲ್ಲಿಯೂ ಅಷ್ಟನ್ನು ಮಾಡಲಾರದೆ ಹೋದರೆ ಅದನ್ನು ಸಂಪ್ರದಾಯವೆಂದು ಸಮರ್ಥಿಸುವಂತಿಲ್ಲ. ದಾಂಪತ್ಯದ ಮಾತುಕತೆಯಿಂದ ನಗೆಯನ್ನು ಹೊರಡಿಸುವುದರಲ್ಲಿ ಸಿದ್ಧಹಸ್ತರಾದ ಬೀಚಿಯವರು ೧೯೧೩ರಲ್ಲಿ ಹುಟ್ಟಿದ್ದು ಹರಪನಹಳ್ಳಿಯಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಹೆಂಡತಿ ತಿರುಗಿ ಮಾತಾಡದಿದ್ದರೆ ಹಾಸ್ಯವೂ ಹುಟ್ಟದು, ಗದ್ಯವೂ ಏಳದು.

ಆದರೆ ಈ ಸೀಮೆಯ ದಂಪತಿಗಳ ಪಯಣವೆಂದರೆ ಜಾತ್ರೆಯೊಂದೇ ಅಲ್ಲ. ಮ್ಯಾಸಬೇಸಗೆಗೆ ಮುಂಚೆಯೇ ಹೊಲ ಬರಿದಾಗುವ ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಗಳ ಹಳ್ಳಿ ತಾಂಡಾಗಳಿಂದ ಗಂಡಹೆಂಡಿರು ಗುಳೆ ಹೋಗುತ್ತಾರೆ. ಕಾಫಿ ತೋಟಕ್ಕೆ, ಕಬ್ಬಿನ ಗದ್ದೆಗೆ, ಬೆಂಗಳೂರಿನ ಕಟ್ಟಡಗಳಿಗೆ. ಮುದುಕರು ಮಕ್ಕಳು ಊರಿನಲ್ಲಿ ಉಳಿಯುತ್ತಾರೆ. ಇಲ್ಲವೆ ಮಕ್ಕಳು ಶಾಲೆ ಬಿಟ್ಟು ಜೊತೆಗೆ ಹೋಗುತ್ತಾರೆ. ಮಹಾರಾಷ್ಟ್ರದ ಕಬ್ಬು ಕಡಿಯುವ ಕೆಲಸದಲ್ಲಿ ಗಂಡಹೆಂಡಿರ ಜೋಡಿಗೆ ‘ಕೊಯ್ತಾ’ ಎಂದು ಹೆಸರು. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ಮನುಷ್ಯರನ್ನು ಸೇರಿಸಿ ಒಂದು ಕತ್ತಿಯೆಂದು ಎಣಿಸುವ ಪದ್ಧತಿ ಅದು. ನಾವು ವ್ಯಾಕರಣದಲ್ಲಿ ಕಂಡ ದೋಷದ ಕ್ರೂರವಾದ ರೂಪ ಇದೇ ಎಂದು ಬೇರೆ ಹೇಳಬೇಕಾಗಿಲ್ಲ. ಅಲ್ಲಿ ಒಬ್ಬಳು ಪ್ರತ್ಯಯವಾದಳು; ಇಲ್ಲಿ ಇಬ್ಬರೂ ಆಯುಧವಾದರು.

ಈ ಪಯಣವನ್ನು ಪ್ರವಾಸಸಾಹಿತ್ಯದ ಚರ್ಚೆಯಲ್ಲಿ ತರುವುದು ಅನೌಚಿತ್ಯವೆಂದು ಕೆಲವರಿಗೆ ತೋರಬಹುದು. ವಿಹಾರಕ್ಕೆ ಹೋದವರ ಬರಹದ ಪಕ್ಕದಲ್ಲಿ ಹೊಟ್ಟೆಪಾಡಿಗೆ ಹೋದವರನ್ನು ನಿಲ್ಲಿಸಬಾರದೆನ್ನಬಹುದು. ಗುಳೆಯನ್ನು ಪ್ರವಾಸವೆಂದು ಕರೆದು ಅಲಂಕರಿಸುವುದು ಖಂಡಿತವಾಗಿಯೂ ಅನ್ಯಾಯ. ಆದರೆ ದಾರಿ, ವಾಹನ, ಬುತ್ತಿ, ಪರಸ್ಥಳ, ಹಿಂದಿರುಗುವಿಕೆ ಇವಿಷ್ಟನ್ನೂ ಉಳ್ಳ ಅನುಭವವನ್ನು, ಅನುಭವಿಸಿದವರು ಬಡವರೆಂಬ ಕಾರಣಕ್ಕೆ ‘ಸಮಸ್ಯೆ’ ಎಂಬ ಅಂಕಣಕ್ಕೆ ತಳ್ಳಿ, ಉಳ್ಳವರದನ್ನು ಮಾತ್ರ ‘ಸಾಹಿತ್ಯ’ ಎಂಬ ಅಂಕಣದಲ್ಲಿಡುವುದೂ ಅನ್ಯಾಯವೇ. ನಮ್ಮ ತರಗತಿಗಳಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ತಂದೆತಾಯಿಗಳ ಗುಳೆಯನ್ನು ಕಂಡವರು ಇದ್ದಾರೆ. ಪ್ರವಾಸಗದ್ಯದ ಪಾಠವನ್ನು ಓದುವಾಗ ಪ್ರಯಾಣವೆಂಬುದು ತಮಗೆ ಸಂಬಂಧಿಸಿದ್ದೇ ಅಲ್ಲವೆಂದು ಅವರು ತಿಳಿದುಕೊಂಡರೆ ಆ ತಪ್ಪು ಪಾಠದ್ದಲ್ಲ, ಪಾಠ ಹೇಳುವ ಕ್ರಮದ್ದು.

೫

ಇಷ್ಟರಿಂದ ದಂಪತಿಗಳ ಪ್ರವಾಸಕಥನವನ್ನು ಪರೀಕ್ಷಿಸಲು ನಾಲ್ಕು ಪ್ರಶ್ನೆಗಳನ್ನು ಸಂಗ್ರಹಿಸಬಹುದು. ಮೊದಲನೆಯದು: ಕವಲುದಾರಿಯಲ್ಲಿ ಭಿನ್ನಾಭಿಪ್ರಾಯ ಬಂದಾಗ ಅದು ಗ್ರಂಥದಲ್ಲಿ ಉಳಿದಿದೆಯೇ, ಅಥವಾ ಗೆದ್ದವರ ದಾರಿಯೊಂದೇ ಕಾಣುತ್ತದೆಯೇ? ಎರಡನೆಯದು: ಪ್ರಯಾಣವನ್ನು ಸಾಧ್ಯವಾಗಿಸಿದ ಕೆಲಸ, ಎಂದರೆ ಬುತ್ತಿ, ಬಟ್ಟೆ, ಲೆಕ್ಕ, ಕಾಯುವಿಕೆ, ನೋಟದಷ್ಟೇ ಗೌರವದಿಂದ ಬಂದಿದೆಯೇ? ಮೂರನೆಯದು: ದಾಟುವ ಹೊತ್ತಿನಲ್ಲಿ, ಚಕ್ರವೂ ಭೂಪಟವೂ ಕೈಯಲ್ಲಿಲ್ಲದಾಗ, ಇಬ್ಬರೂ ಒಬ್ಬರಿಗೊಬ್ಬರು ಕಾಣಿಸಿಕೊಂಡರೇ? ನಾಲ್ಕನೆಯದು: ಇಬ್ಬರಲ್ಲಿ ಒಬ್ಬರನ್ನು ಗ್ರಂಥದಿಂದ ತೆಗೆದುಹಾಕಿದರೆ ವಾಕ್ಯಗಳು ಕುಂಟುತ್ತವೆಯೇ, ಹಾಗೆಯೇ ನಡೆಯುತ್ತವೆಯೇ?

ಇದಕ್ಕೆ ಬರಬಹುದಾದ ಮುಖ್ಯ ಆಕ್ಷೇಪ ಕಲೆಯ ಕಡೆಯಿಂದ. ಗದ್ಯಕ್ಕೆ ಒಂದು ದೃಷ್ಟಿಕೋನ ಬೇಕು. ಇಬ್ಬರ ಮಾತು ಸೇರಿದರೆ ಏಕತೆ ಕೆಡುತ್ತದೆ ಎಂದು ಹೇಳಬಹುದು. ಏಕತೆ ಬೇರೆ, ಒಂಟಿತನ ಬೇರೆ. ಬಂಡಿಗೆ ಎರಡು ಎತ್ತು ಹೂಡಿದರೂ ದಾರಿ ಒಂದೇ. ಎರಡರ ಹೆಜ್ಜೆ ಬೇರೆಯಾಗಿರುವುದರಿಂದಲೇ ಬಂಡಿ ನೆಟ್ಟಗೆ ಹೋಗುತ್ತದೆ. ಅಲ್ಲದೆ ಇಬ್ಬರೂ ಬರೆಯಲೇಬೇಕೆಂದು ನಮ್ಮ ವಾದವಲ್ಲ. ಇಬ್ಬರ ಹೆಸರು ಹಾಕಿದ ಮಾತ್ರಕ್ಕೆ ಗ್ರಂಥ ಇಬ್ಬರದಾಗುವುದಿಲ್ಲ. ಪರಸ್ಪರ ಹೊಗಳಿಕೆಯ ಜೋಡಿ ಗ್ರಂಥಗಳು ಒಂಟಿ ಗ್ರಂಥಗಳಿಗಿಂತ ಬೇಸರದವು. ಒಬ್ಬರೇ ಬರೆದರೂ ಮತ್ತೊಬ್ಬರ ಕಣ್ಣು, ಮಾತು, ಮೌನಗಳಿಗೆ ಎಡೆ ಕೊಡಬಹುದು. ಪಕ್ಕದವಳು ಎದುರಿನ ಲಾರಿಯನ್ನು ಮೊದಲು ಕಂಡಳೆಂದು ಬರೆಯುವುದಕ್ಕೆ ಬೇಕಾದುದು ಪ್ರತಿಭೆಯಲ್ಲ, ಪ್ರಾಮಾಣಿಕತೆ.

ಅಧ್ಯಾಪಕ ಮಿತ್ರರಿಗೆ ಒಂದು ಕಾರ್ಯಕ್ರಮವನ್ನು ಸೂಚಿಸಿ ಲೇಖನವನ್ನು ಮುಗಿಸಬಹುದು. ಈ ಐದು ತಾಲ್ಲೂಕುಗಳ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ದೂರ ಪ್ರಯಾಣ ಮಾಡಿ ಬಂದ ದಂಪತಿಗಳನ್ನು ಕಂಡು ಅವರ ಕಥನಗಳನ್ನು ಬರೆದುಕೊಳ್ಳಲಿ. ಮೈಲಾರಕ್ಕೆ ಬಂಡಿಯಲ್ಲಿ ಹೋದವರಿರಲಿ, ಮಗನ ಮನೆಗೆಂದು ಇಂಗ್ಲೆಂಡಿಗೆ ಹೋಗಿ ಅಲ್ಲಿಂದ ಕಾರಿನಲ್ಲಿ ಸಮುದ್ರ ದಾಟಿದವರಿರಲಿ, ಕಬ್ಬು ಕಡಿಯಲು ಹೋಗಿ ಬಂದವರಿರಲಿ, ಭೇದವೆಣಿಸಬೇಕಾಗಿಲ್ಲ. ನಿಯಮ ಒಂದೇ: ಗಂಡನ ಮಾತನ್ನೂ ಹೆಂಡತಿಯ ಮಾತನ್ನೂ ಬೇರೆಬೇರೆ ಹೊತ್ತಿನಲ್ಲಿ, ಬೇರೆಬೇರೆ ಹಾಳೆಗಳಲ್ಲಿ ಬರೆದುಕೊಳ್ಳಬೇಕು, ಅವರು ‘ನಾವು’ ಎಂದಾಗಲೆಲ್ಲ ಯಾರು ಯಾರು ಎಂದು ವಿನಯದಿಂದ ಕೇಳಬೇಕು. ಹೆಂಡತಿ ಮಾತಾಡುವಾಗ ಗಂಡ ಪಕ್ಕದಲ್ಲಿ ಕುಳಿತು ತಿದ್ದುವಂತಿರಬಾರದು. ಎರಡು ಹಾಳೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದಾಗ ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಗುರುತಿಸುವುದೇ ವಿಮರ್ಶೆಯ ಕೆಲಸ. ಹಾಗೆ ಕೆಲವು ವರ್ಷಗಳಲ್ಲಿ ಕೂಡಿಬರುವ ಸಂಗ್ರಹ ಪ್ರವಾಸಸಾಹಿತ್ಯದ ಪಠ್ಯಕ್ಕೆ ಒಳ್ಳೆಯ ಪೂರಕವಾಗುತ್ತದೆ. ಮುಂದೆ ಈ ಸೀಮೆಯಿಂದಲೇ ಯಾರಾದರೂ ಯುರೋಪಿನ ದಾರಿಗಳನ್ನು ಕುರಿತು ಬರೆಯಲು ಕುಳಿತಾಗ ‘ದಾಟಿದೆವು’ ಎಂಬ ಕ್ರಿಯಾಪದವನ್ನು ಎಷ್ಟು ಎಚ್ಚರದಿಂದ ಬಳಸಬೇಕೆಂಬುದನ್ನೂ ಅದು ಅವರಿಗೆ ಕಲಿಸೀತು.